ಅಂಟಾರ್ಕ್ಟಿಕಾಕ್ಕೆ ದೊಡ್ಡ ಹಡಗೋ, ಸಣ್ಣ ಹಡಗೋ? ಎರಡರಲ್ಲೂ ಹೋಗಿ ಬಂದ ಮೇಲೆ

ಅಂಟಾರ್ಕ್ಟಿಕಾಕ್ಕೆ ಇನ್ನೊಮ್ಮೆ ಹೋಗುವ ಯೋಗ ಬಂದರೆ ನಾನು ಹತ್ತುವುದು ನೂರು ಜನರೊಳಗಿನ ಸಣ್ಣ ಹಡಗನ್ನೇ. ನಾನೂರಕ್ಕೂ ಹೆಚ್ಚು ಪ್ರಯಾಣಿಕರಿದ್ದ ಹಡಗಿನಲ್ಲೂ ಹೋಗಿ ಬಂದಿದ್ದೇನೆ, ನೂರು ತುಂಬದ ಹಡಗಿನಲ್ಲೂ ಹೋಗಿ ಬಂದಿದ್ದೇನೆ. ಎರಡೂ ಹೊರಟದ್ದು ಅರ್ಜೆಂಟೀನಾದ ಉಶುವಾಯದಿಂದ, ದಾಟಿದ್ದು ಅದೇ ಡ್ರೇಕ್ ಜಲಸಂಧಿಯನ್ನು, ತಲುಪಿದ್ದು ಅದೇ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪವನ್ನು. ಕ್ಯಾಬಿನ್‌ನ ಅಳತೆ, ಊಟದ ಬಗೆ, ಬಿಸಿನೀರಿನ ಕೊಳ ಇತ್ಯಾದಿಗಳೆಲ್ಲ ಕಂಪನಿಗಳ ಪುಸ್ತಿಕೆಯಲ್ಲೇ ಇರುತ್ತವೆ. ಅಲ್ಲಿ ಯಾರೂ ಬಿಡಿಸಿ ಹೇಳದ ಸಂಗತಿ ಒಂದಿದೆ: ಸರದಿ.

ಅಂಟಾರ್ಕ್ಟಿಕಾ ಪ್ರವಾಸ ನಡೆಸುವ ಕಂಪನಿಗಳಿಗೆ ಐಎಎಟಿಒ ಎಂಬ ಒಕ್ಕೂಟವಿದೆ, 1991ರಲ್ಲಿ ಶುರುವಾದದ್ದು. ಅದರ ನಿಯಮದ ಪ್ರಕಾರ ಒಂದು ಜಾಗದಲ್ಲಿ ಒಂದು ಹೊತ್ತಿಗೆ 100ಕ್ಕಿಂತ ಹೆಚ್ಚು ಪ್ರಯಾಣಿಕರು ದಡದ ಮೇಲೆ ಇರುವಂತಿಲ್ಲ. ಹಡಗಿನಲ್ಲಿ 500ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಯಾರೂ ಇಳಿಯುವಂತೆಯೇ ಇಲ್ಲ, ಡೆಕ್ಕಿನಿಂದ ನೋಡಿಕೊಂಡು ಬರಬೇಕು. ಈ ನಿಯಮ ಬೇಕೇ ಬೇಕು. ಮರಿಗಳಿಗೆ ಗುಟುಕು ಕೊಡುತ್ತಿರುವ ಪೆಂಗ್ವಿನ್‌ಗಳ ನಡುವೆ ನಾನೂರು ಜನ ಒಟ್ಟಿಗೆ ಓಡಾಡುವುದನ್ನು ಯೋಚಿಸಿದರೇ ಸಂಕಟವಾಗುತ್ತದೆ. ನನ್ನ ತಕರಾರು ಇರುವುದು, ಈ ಲೆಕ್ಕ ಗೊತ್ತಿದ್ದೂ ನಾನೂರು ಜನರನ್ನು ಹತ್ತಿಸಿಕೊಂಡು 'ದಿನಕ್ಕೆ ಎರಡು ಸಲ ದಡಕ್ಕೆ' ಎಂಬ ಆಸೆ ಹುಟ್ಟಿಸುವುದರ ಬಗ್ಗೆ.

ದೊಡ್ಡ ಹಡಗಿನಲ್ಲಿ ನಮ್ಮನ್ನು ಗುಂಪುಗಳಾಗಿ ಒಡೆದಿದ್ದರು. ಒಂದು ಗುಂಪು ದಡದಲ್ಲಿದ್ದಾಗ ಇನ್ನೊಂದು ಜೋಡಿಯಾಕ್‌ನಲ್ಲಿ, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ, ಸುತ್ತು ಹೊಡೆಯುತ್ತದೆ. ಉಳಿದವರು ಹಡಗಿನಲ್ಲೇ ಕಾಯುತ್ತಾರೆ. ಮೂರು ಪದರ ಬಟ್ಟೆ, ಅದರ ಮೇಲೆ ದಪ್ಪ ಜಾಕೆಟ್, ಲೈಫ್ ಜಾಕೆಟ್, ಮೊಣಕಾಲಿನವರೆಗಿನ ಬೂಟು ಎಲ್ಲ ತೊಟ್ಟು ಧ್ವನಿವರ್ಧಕದಲ್ಲಿ ನಮ್ಮ ಗುಂಪಿನ ಹೆಸರು ಬರುವವರೆಗೂ ಬೆವರುತ್ತ ಕೂರಬೇಕು. ಆಮೇಲೆ ಬೂಟಿನ ಅಡಿಯನ್ನು ಸೋಂಕುನಿವಾರಕದಲ್ಲಿ ಅದ್ದುವ ಸಾಲು, ದೋಣಿ ಹತ್ತುವ ಸಾಲು. ಕಡೆಗೆ ದಡದಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ಇಳಿದ ಮೊದಲ ಹತ್ತು ನಿಮಿಷ ಎಲ್ಲರೂ ಫೋಟೊ ತೆಗೆಯುವುದರಲ್ಲೇ ಕಳೆಯುತ್ತಾರೆ, ಕೊನೆಯ ಹತ್ತು ನಿಮಿಷ ಗೈಡ್‌ಗಳು ವಾಪಸ್ ಹೊರಡಿಸುವುದರಲ್ಲಿ.

ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಗಾಳಿ. ಅಲ್ಲಿ ಹಿಮನದಿಯ ಮೇಲಿನ ತಣ್ಣನೆಯ ಭಾರದ ಗಾಳಿ ಇಳಿಜಾರಿನಲ್ಲಿ ಜಾರಿ, ಮುನ್ಸೂಚನೆಯೇ ಇಲ್ಲದೆ ಕಡಲಿಗೆ ನುಗ್ಗುತ್ತದೆ. ನೆಕೊ ಹಾರ್ಬರ್‌ನಲ್ಲಿ ನಮ್ಮದು ಕೊನೆಯ ಸರದಿ. ಮೊದಲ ಗುಂಪು ಇಳಿದಾಗ ನೀರು ಕದಲದೆ ನಿಂತಿತ್ತು. ನಾವು ಬೂಟು ತೊಟ್ಟು ನಿಂತ ಹೊತ್ತಿಗೆ ಅಲೆಗಳು ದೋಣಿಯನ್ನು ಹಡಗಿನ ಮೆಟ್ಟಿಲಿಗೆ ಅಪ್ಪಳಿಸುತ್ತಿದ್ದವು. ಇಳಿಸುವುದನ್ನು ರದ್ದು ಮಾಡಿದರು. ಅದು ಸರಿಯಾದ ನಿರ್ಧಾರ, ಜೀವಕ್ಕಿಂತ ದೊಡ್ಡದು ಯಾವುದೂ ಇಲ್ಲ. ಸರದಿಯನ್ನು ಪ್ರತಿದಿನ ಬದಲಿಸಿ ಎಲ್ಲರಿಗೂ ಸಮನಾಗಿ ಹಂಚಲು ಅವರು ಪಟ್ಟ ಶ್ರಮವನ್ನೂ ಕಂಡಿದ್ದೇನೆ. ಆದರೆ ಹವೆಯನ್ನು ಸರದಿಯ ಪ್ರಕಾರ ಹಂಚಲು ಬರುವುದಿಲ್ಲ. ಮರುದಿನ ಬೆಳಿಗ್ಗೆ ನಮಗೆ ಮೊದಲ ಸರದಿ ಇತ್ತು. ಆ ಕೊಲ್ಲಿಯನ್ನೇ ಮಂಜುಗಡ್ಡೆ ಮುಚ್ಚಿಕೊಂಡಿತ್ತು.

ಸಣ್ಣ ಹಡಗಿನಲ್ಲಿ ಈ ಗೋಳೇ ಇಲ್ಲ. ಎಲ್ಲರೂ ಒಟ್ಟಿಗೆ ಇಳಿಯುತ್ತೇವೆ, ಎರಡು ಮೂರು ಗಂಟೆ ದಡದಲ್ಲೇ ಇರುತ್ತೇವೆ. ಹೊತ್ತು ಸಿಕ್ಕಿದರೆ ಪೆಂಗ್ವಿನ್‌ಗಳ ಬದುಕು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕುವರ್‌ವಿಲ್ ದ್ವೀಪದಲ್ಲಿ ಒಂದು ಜೆಂಟೂ ಪೆಂಗ್ವಿನ್ ಪಕ್ಕದ ಗೂಡಿನಿಂದ ಕಲ್ಲು ಕದ್ದು ತನ್ನ ಗೂಡಿಗೆ ಸಾಗಿಸುವುದನ್ನು ಮೊದಲಿನಿಂದ ಕೊನೆವರೆಗೆ ನೋಡಿದೆ. ಸ್ಕುವಾ ಹಕ್ಕಿ ಮರಿಗಾಗಿ ಹೊಂಚುವುದು, ತಾಯಿ ಕೊಕ್ಕು ಎತ್ತಿ ಎದುರಿಸುವುದು, ಎರಡು ಮರಿಗಳು ಆಹಾರಕ್ಕಾಗಿ ತಾಯಿಯ ಹಿಂದೆ ಓಡುವುದು, ಇವೆಲ್ಲ ಸಿಗುವುದು ಒಂದೇ ಕಡೆ ಸುಮ್ಮನೆ ನಿಂತವರಿಗೆ. ಪೆಂಗ್ವಿನ್‌ನಿಂದ ಐದು ಮೀಟರ್ ದೂರವಿರಬೇಕು. ಆದರೆ ನಾವು ಕದಲದೆ ನಿಂತರೆ ಅವೇ ಹತ್ತಿರ ಬರುತ್ತವೆ. ಹಾಗೆ ಬರಲು ಅವಕ್ಕೂ ಸಮಯ ಬೇಕು.

ನಿಲ್ಲಬೇಕು ಎಂದದ್ದು ಅಕ್ಷರಶಃ ನಿಜ. ಹಕ್ಕಿಜ್ವರದ ಭಯ ಅಲ್ಲಿಗೂ ತಲುಪಿದ ಮೇಲೆ ನೆಲದ ಮೇಲೆ ಕೂರುವುದಕ್ಕೆ, ಮಂಡಿಯೂರುವುದಕ್ಕೆ, ಚೀಲ ಇಡುವುದಕ್ಕೆ ಬಿಡುವುದಿಲ್ಲ. ಮಂಡಿನೋವು ಇರುವವರು ಮೂರು ಗಂಟೆಯ ಆಸೆಗೆ ಬೀಳುವ ಮುಂಚೆ ಇದನ್ನು ಯೋಚಿಸಬೇಕು.

ಡ್ರೇಕ್ ದಾಟುವಾಗ ದೊಡ್ಡ ಹಡಗೇ ಮೇಲು, ಅನುಮಾನವೇ ಬೇಡ. ಹೋಗಲು ಸುಮಾರು ಎರಡು ದಿನ, ಬರಲು ಅಷ್ಟೇ. ಭೂಮಿಯನ್ನು ಸುತ್ತಿ ಬರುವ ದಕ್ಷಿಣದ ಅಲೆಗಳನ್ನು ತಡೆಯಲು ಆ ಅಕ್ಷಾಂಶದಲ್ಲಿ ನೆಲವೇ ಇಲ್ಲ. ಸಣ್ಣ ಹಡಗಿನಲ್ಲಿ ನಾನು ಒಂದಿಡೀ ರಾತ್ರಿ ಮಂಚದ ಅಂಚು ಹಿಡಿದು ಮಲಗಿದ್ದೆ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ, ಉಶುವಾಯದ ಮುಂದಿನ ಬೀಗಲ್ ಕಾಲುವೆಯಿಂದ ತೆರೆದ ಕಡಲಿಗೆ ಹೊರಬೀಳುವ ಮುಂಚೆಯೇ ತೆಗೆದುಕೊಳ್ಳಬೇಕು. ಹೊಟ್ಟೆ ತೊಳೆಸಲು ಶುರುವಾದ ಮೇಲೆ ತೆಗೆದುಕೊಂಡರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಚಿಲಿಯ ಪುಂಟಾ ಅರೇನಾಸ್‌ನಿಂದ ಕಿಂಗ್ ಜಾರ್ಜ್ ದ್ವೀಪಕ್ಕೆ ಸುಮಾರು ಎರಡು ಗಂಟೆಯ ವಿಮಾನವೂ ಇದೆ. ನಾನು ಅದನ್ನು ಆರಿಸಲಿಲ್ಲ, ಹವೆ ತೆರವಾಗದಿದ್ದರೆ ವಿಮಾನ ಏಳುವುದಿಲ್ಲ. ಜೊತೆಗೆ, ಮೂರು ಮೀಟರ್‌ಗೂ ಮಿಕ್ಕಿದ ರೆಕ್ಕೆಹರವಿನ ಆಲ್ಬಟ್ರಾಸ್ ಹಕ್ಕಿ ರೆಕ್ಕೆ ಬಡಿಯದೆ ಹಡಗಿನ ಹಿಂದೆ ತೇಲಿ ಬರುವುದನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ನೀರ್ಗಲ್ಲುಗಳ, ಅಂದರೆ ಕಡಲಲ್ಲಿ ತೇಲುವ ಹಿಮಬಂಡೆಗಳ, ವಿಷಯ. ಎತ್ತರದ ಡೆಕ್ಕಿನಿಂದ ಅವುಗಳ ಹರವು ಕಾಣುತ್ತದೆ, ಮೇಜಿನಂತೆ ಸಪಾಟಾದ ಬೆಟ್ಟಗಳೇ ತೇಲಿ ಬರುತ್ತಿರುತ್ತವೆ. ಅವುಗಳ ಗುಣ ತಿಳಿಯುವುದು ಮಾತ್ರ ದೋಣಿಯಿಂದ. ಎಂಜಿನ್ ನಿಲ್ಲಿಸಿದರೆ ಸುತ್ತಲಿನ ಮಂಜುಗಡ್ಡೆ ಚಟಪಟ ಅನ್ನುತ್ತಿರುತ್ತದೆ, ಅದರೊಳಗೆ ಬಹಳ ಕಾಲದಿಂದ ಒತ್ತಿಹೋದ ಗಾಳಿಗುಳ್ಳೆಗಳು ಹಿಮ ಕರಗಿದಾಗ ಒಡೆಯುವ ಸದ್ದು ಅದು. ಒತ್ತಡಕ್ಕೆ ಗುಳ್ಳೆಗಳೆಲ್ಲ ಹೋಗಿ ಗಟ್ಟಿಯಾದ ಹಿಮ ಕೆಂಪು ಬೆಳಕನ್ನು ಹೀರಿ ಕಡುನೀಲಿಯಾಗಿ ಹೊಳೆಯುತ್ತದೆ. ದೋಣಿ ನಡೆಸುವವರು ದೊಡ್ಡ ನೀರ್ಗಲ್ಲಿನಿಂದ ದೂರವೇ ಇರುತ್ತಾರೆ, ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರಿನೊಳಗಿರುವ ಅದು ತೂಕ ತಪ್ಪಿದರೆ ಮಗುಚಿಕೊಳ್ಳುತ್ತದೆ.

ತಿಮಿಂಗಿಲಕ್ಕೆ ಎರಡೂ ಒಳ್ಳೆಯವು. ಮೇಲಿನಿಂದ ಹಂಪ್‌ಬ್ಯಾಕ್‌ನ ಇಡೀ ದೇಹ ನೀರಿನೊಳಗೆ ಕಾಣುತ್ತದೆ, ದೋಣಿಯಿಂದ ಅದರ ಉಸಿರು ಕೇಳುತ್ತದೆ, ವಾಸನೆಯೂ ಬರುತ್ತದೆ.

ಉಪನ್ಯಾಸಗಳು ದೊಡ್ಡದರಲ್ಲಿ ಹೆಚ್ಚು. ಸಣ್ಣದರಲ್ಲಿ ಅದೇ ವಿಜ್ಞಾನಿ ಊಟದ ಮೇಜಿನಲ್ಲಿ ನಮ್ಮ ಪಕ್ಕ ಕೂರುತ್ತಾರೆ.

ಹಿಮಕರಡಿ ನೋಡಬೇಕೆನ್ನುವವರು ಉತ್ತರದ ಸ್ವಾಲ್‌ಬಾರ್ಡ್‌ಗೆ ಹೋಗಬೇಕು, ದಕ್ಷಿಣದಲ್ಲಿ ಕರಡಿಯಿಲ್ಲ. ಅಲ್ಲಿ ನಾರ್ವೆ ಸರ್ಕಾರದ ನಿಯಮ 2025ರಿಂದ ಬಿಗಿಯಾಗಿದೆ: ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಹೋಗುವಂತಿಲ್ಲ, ಕರಡಿಯಿಂದ 300 ಮೀಟರ್ ದೂರ, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್. ಹಾಗಾಗಿ ಅಲ್ಲಿಗೂ ಸಣ್ಣ ಹಡಗೇ ಸರಿ, ಜೊತೆಗೆ ಒಳ್ಳೆಯ ದುರ್ಬೀನು.

ಇನ್ನು ಹಣ. ಅದೇ ದರ್ಜೆಯ ಕ್ಯಾಬಿನ್‌ಗೆ ಸಣ್ಣ ಹಡಗಿನಲ್ಲಿ ಹೆಚ್ಚು ತೆರಬೇಕಾಗಿತ್ತು. ನಾನು ಬಾಲ್ಕನಿ ಬಿಟ್ಟೆ, ಕೆಳಗಿನ ಡೆಕ್ಕಿನಲ್ಲಿ ಗುಂಡು ಕಿಟಕಿಯ, ಮೂವರು ಹಂಚಿಕೊಳ್ಳುವ ಕ್ಯಾಬಿನ್ ತೆಗೆದುಕೊಂಡೆ. ಕೆಳಗೆ, ಹಡಗಿನ ನಡುಮಧ್ಯದಲ್ಲಿ ತೂಗಾಟವೂ ಕಡಿಮೆ. ಹಗಲೆಲ್ಲ ಹೊರಗೇ ಇರುವ ನನ್ನಂಥವರಿಗೆ ಕ್ಯಾಬಿನ್ ಮಲಗುವುದಕ್ಕಷ್ಟೇ. ಮಾರ್ಚ್‌ನಲ್ಲಿ ಋತು ಮುಗಿಯುತ್ತ ಬಂದಾಗ ದರ ಇಳಿಯುವುದುಂಟು. ಆಗ ಪೆಂಗ್ವಿನ್ ಮರಿಗಳು ಬಹುಪಾಲು ಕಡಲಿಗಿಳಿದಿರುತ್ತವೆ, ತಿಮಿಂಗಿಲಗಳು ಮಾತ್ರ ಧಾರಾಳ. ವಯಸ್ಸಾದ ತಂದೆ ತಾಯಿಯರನ್ನು ಕರೆದೊಯ್ಯುವವರು, ಕಡಲಬೇನೆ ತಡೆಯಲಾರದವರು ದೊಡ್ಡದನ್ನೇ ಆರಿಸಲಿ. ಆದರೆ ಹಣ ಕಟ್ಟುವ ಮುಂಚೆ ಒಟ್ಟು ಪ್ರಯಾಣಿಕರೆಷ್ಟು, ಎಷ್ಟು ಗುಂಪು, ಪ್ರತಿ ಗುಂಪಿಗೆ ದಡದಲ್ಲಿ ಎಷ್ಟು ಹೊತ್ತು ಎಂದು ಬರವಣಿಗೆಯಲ್ಲೇ ಕೇಳಿ ಉತ್ತರ ತರಿಸಿಕೊಳ್ಳಲಿ.