ಹೊಸ ಬೈಕಿನ ಮೊದಲ 500 ಕಿಲೋಮೀಟರ್: ಪುಣೆಯ ನಾಲ್ಕು ದಾರಿಗಳ ಹೋಲಿಕೆ

ಹೊಸ ಬೈಕ್ ಕೊಂಡವರಿಗೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಒಂದು ಸಂಖ್ಯೆಯ ಸುತ್ತಲೇ ತಿರುಗುತ್ತವೆ. ಒಬ್ಬರು ವೇಗ ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿಸಬೇಡಿ ಎನ್ನುತ್ತಾರೆ, ಇನ್ನೊಬ್ಬರು ಅರವತ್ತರವರೆಗೆ ತೊಂದರೆಯಿಲ್ಲ ಎನ್ನುತ್ತಾರೆ. ಯಾವ ರಸ್ತೆಯಲ್ಲಿ ಓಡಿಸಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾನು ಕೊಂಡದ್ದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಅದರ ಮೊದಲ ಸರ್ವಿಸ್ 500 ಕಿಲೋಮೀಟರಿಗೆ ಬರುತ್ತದೆ. ನನ್ನ ಮನೆ ಸಿಂಹಗಡ ರಸ್ತೆಯ ಧಾಯರಿಯಲ್ಲಿರುವುದರಿಂದ ನಾಲ್ಕು ಬಗೆಯ ದಾರಿಗಳು ಕೈಗೆಟುಕುವಂತಿದ್ದವು: ಕಚೇರಿಗೆ ಹೋಗಿ ಬರುವ ಊರೊಳಗಿನ ರಸ್ತೆ, ಲೋಣಾವಳಾಕ್ಕೆ ಹೋಗುವ ಹಳೆಯ ಮುಂಬಯಿ ಹೆದ್ದಾರಿ, ಸಾತಾರಾ ಕಡೆಯ ಬೆಂಗಳೂರು ಹೆದ್ದಾರಿ ಮತ್ತು ಖಡಕವಾಸಲಾ ದಾಟಿ ಹೋಗುವ ಪಾನಶೇತ್ ರಸ್ತೆ. ಮೊದಲ ಸರ್ವಿಸ್ ಬರುವಷ್ಟರಲ್ಲಿ ನಾಲ್ಕರಲ್ಲಿಯೂ ಗಾಡಿಯನ್ನು ಓಡಿಸಿ ನೋಡಿದೆ. ನಾಲ್ಕಕ್ಕೂ ಒಂದೇ ಅಂಕ ಕೊಡಲು ಸಾಧ್ಯವೇ ಇಲ್ಲ.

ಹೋಲಿಕೆಗೆ ಮೊದಲು ಅಳತೆಗೋಲನ್ನು ಹೇಳಬೇಕು. ಹೊಸ ಎಂಜಿನ್ನಿನ ಸಿಲಿಂಡರ್ ಗೋಡೆ ನುಣುಪಾಗಿರುವುದಿಲ್ಲ; ಎಣ್ಣೆ ನಿಲ್ಲಲೆಂದು ಅದರ ಮೇಲೆ ಅಡ್ಡಡ್ಡವಾಗಿ ಹೆಣೆದಂಥ ಸೂಕ್ಷ್ಮ ಗೀರುಗಳನ್ನು ಕಾರ್ಖಾನೆಯಲ್ಲಿಯೇ ಮೂಡಿಸಿರುತ್ತಾರೆ. ಪಿಸ್ಟನ್ ರಿಂಗುಗಳು ಆ ಗೋಡೆಯೊಂದಿಗೆ ಉಜ್ಜಿಕೊಂಡು ಸರಿಯಾಗಿ ಕೂರಬೇಕಾದರೆ ಉರಿದ ಅನಿಲದ ಒತ್ತಡ ರಿಂಗಿನ ಹಿಂಬದಿಗೆ ಹೋಗಿ ಅದನ್ನು ಹೊರಕ್ಕೆ ತಳ್ಳಬೇಕು, ಅಂದರೆ ಎಂಜಿನ್ನಿನ ಮೇಲೆ ಹದವಾದ ಹೊರೆ ಬೀಳಬೇಕು. ಹೊರೆಯೇ ಇಲ್ಲದೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿದರೆ ರಿಂಗ್ ಕೂರುವ ಮೊದಲೇ ಗೋಡೆಗೆ ಮೆರುಗು ಹಿಡಿಯುವ ಸಾಧ್ಯತೆಯಿರುತ್ತದೆ. ಹಾಗೆಂದು ಆಕ್ಸಲರೇಟರ್ ಹಿಡಿಯನ್ನು ಪೂರ್ತಿ ತಿರುಗಿಸಿ ಹಿಂಡಿದರೆ ಉಜ್ಜುವಿಕೆಯ ಬಿಸಿ ಮಿತಿ ಮೀರುತ್ತದೆ. ಆದ್ದರಿಂದ ವೇಗ ಏರಬೇಕು, ಇಳಿಯಬೇಕು, ಗೇರ್ ಬದಲಾಗುತ್ತಿರಬೇಕು, ನಡುನಡುವೆ ಹಿಡಿ ಬಿಟ್ಟು ಎಂಜಿನ್ನಿನಿಂದಲೇ ಗಾಡಿಯನ್ನು ನಿಧಾನಿಸಬೇಕು. ಧಾಯರಿಯಲ್ಲಿ ಗ್ಯಾರೇಜ್ ಇಟ್ಟಿರುವ ವಿಜಯಪುರದ ಮೆಕ್ಯಾನಿಕ್ ಇಷ್ಟನ್ನೂ ಒಂದೇ ಮಾತಿನಲ್ಲಿ ಮುಗಿಸಿದರು: "ಒಂದ ಸ್ಪೀಡಿನ್ಯಾಗ ಹೊಡೀಬ್ಯಾಡ್ರಿ ಸರ. ಏರಸ್ರಿ, ಇಳಸ್ರಿ, ಆದ್ರ ಹಿಂಡಬ್ಯಾಡ್ರಿ."

ಹುಬ್ಬಳ್ಳಿಯಿಂದ ಫೋನ್ ಮಾಡಿದ ಸೋದರಮಾವನವರ ಸಲಹೆ ಬೇರೆಯಾಗಿತ್ತು. "ನಲವತ್ತರ ಮ್ಯಾಲೆ ಹೋಗಬ್ಯಾಡ ತಮ್ಮಾ, ಸೀಜ್ ಆಗ್ತೈತಿ" ಎಂದರು. ಅವರ ಕಾಲದ ಬುಲೆಟ್ಟಿಗೆ ಎರಕದ ಕಬ್ಬಿಣದ ಸಿಲಿಂಡರ್ ಇತ್ತು, ಬಿಸಿಯಾದರೆ ಪಿಸ್ಟನ್ ಕಚ್ಚಿಕೊಳ್ಳುವ ಭಯ ನಿಜವಾಗಿಯೂ ಇತ್ತು. 2021ರಲ್ಲಿ ಬಂದ ಹೊಸ ತಲೆಮಾರಿನ ಕ್ಲಾಸಿಕ್‌ನ 349 ಸಿಸಿ ಎಂಜಿನ್ನನ್ನು ಗಾಳಿಯ ಜೊತೆಗೆ ಎಣ್ಣೆಯೂ ತಣಿಸುತ್ತದೆ, ಪೆಟ್ರೋಲನ್ನು ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಅಳೆದು ಕೊಡುತ್ತದೆ. ನಲವತ್ತರ ನಿಯಮವನ್ನು ಅಕ್ಷರಶಃ ಪಾಲಿಸಿ ಐದನೇ ಗೇರಿನಲ್ಲಿ ನಲವತ್ತಕ್ಕೆ ಓಡಿಸಿದರೆ ಗಾಡಿ ಕುಲುಕುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ. ಹಾಗೆ ದೊಡ್ಡ ಗೇರಿನಲ್ಲಿ ಎಳೆಸುವುದು ಹೊಸ ಎಂಜಿನ್ನಿಗೆ ವೇಗಕ್ಕಿಂತ ಹೆಚ್ಚು ಕೆಟ್ಟದ್ದು. ಈ ಗಾಡಿಯಲ್ಲಿ ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಆರ್‌ಪಿಎಂ ಮೀಟರ್ ಇಲ್ಲ. 27 ನ್ಯೂಟನ್ ಮೀಟರಿನ ಗರಿಷ್ಠ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ನಿಮಿಷಕ್ಕೆ 4,000 ಸುತ್ತುಗಳಲ್ಲಿ ಸಿಗುತ್ತದೆ ಎಂದು ಕಂಪನಿ ಹೇಳುತ್ತದಾದರೂ ಆ 4,000 ಯಾವಾಗ ಬಂತೆಂಬುದನ್ನು ಕಿವಿಯಿಂದಲೂ ಕಾಲಿಗೆ ತಾಗುವ ನಡುಕದಿಂದಲೂ ಊಹಿಸಬೇಕು. ಹೀಗಾಗಿ ಎಂಜಿನ್ನಿನ ದನಿ ಕೇಳುವಷ್ಟು ನಿಶ್ಶಬ್ದವಾಗಿರುವ ರಸ್ತೆ ಎಂಬುದೂ ನನ್ನ ಅಳತೆಯಲ್ಲಿ ಸೇರಿಕೊಂಡಿತು.

ಊರೊಳಗಿನ ರಸ್ತೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಅದು ತಾನಾಗಿ ಪಾಲಿಗೆ ಬರುತ್ತದೆ. ಧಾಯರಿಯಿಂದ ಸ್ವಾರಗೇಟ್, ಅಲ್ಲಿಂದ ಹಡಪಸರ. ವೇಗದ ಏರಿಳಿತ ಬೇಕೆನ್ನುವವರಿಗೆ ಇಲ್ಲಿ ಕೊರತೆಯೇನೂ ಇಲ್ಲ. ಆದರೆ ಆ ಏರಿಳಿತ ಸೊನ್ನೆಯಿಂದ ಇಪ್ಪತ್ತೈದರ ನಡುವಿನದು, ಒಂದು ಮತ್ತು ಎರಡನೇ ಗೇರಿನದು, ಅರ್ಧ ಕ್ಲಚ್ಚಿನದು. ಗಾಳಿಯಿಂದ ತಣಿಯಬೇಕಾದ ಎಂಜಿನ್ನಿಗೆ ಸಿಗ್ನಲ್ಲಿನಲ್ಲಿ ಗಾಳಿಯೇ ಸಿಗುವುದಿಲ್ಲ. ಸ್ವಾರಗೇಟ್ ದಾಟುವಷ್ಟರಲ್ಲಿ ಬಲ ಮೊಣಕಾಲಿಗೆ ಬಿಸಿ ತಾಗುತ್ತಿತ್ತು. ಎರಡು ಲಾಭಗಳನ್ನು ಮಾತ್ರ ಒಪ್ಪಿಕೊಳ್ಳಬೇಕು. 195 ಕಿಲೋ ತೂಕದ ಗಾಡಿಯನ್ನು ನಡೆಯುವ ವೇಗದಲ್ಲಿ ಆಯ ತಪ್ಪದಂತೆ ನಡೆಸುವುದು ಇಲ್ಲಿ ಬೇಗ ಕೈಗೆ ಬರುತ್ತದೆ. ಜೊತೆಗೆ ಬ್ರೇಕ್ ಪ್ಯಾಡುಗಳು ಡಿಸ್ಕಿಗೆ ಹೊಂದಿಕೊಳ್ಳುತ್ತವೆ: ಮೊದಮೊದಲು ಮುಂದಿನ ಬ್ರೇಕನ್ನು ಒತ್ತಿದಾಗ ಮರದ ತುಂಡು ಹಿಡಿದಂತೆ ಅನಿಸುತ್ತಿದ್ದದ್ದು, ಊರೊಳಗೆ ಕೆಲವು ಸಲ ಓಡಾಡಿದ ಮೇಲೆ ಹದವಾಗಿ ಕಚ್ಚತೊಡಗಿತು. ಎಂಜಿನ್ನಿನ ದೃಷ್ಟಿಯಿಂದ ಇದು ಬೇಡದ ದಾರಿ, ಸವಾರನ ದೃಷ್ಟಿಯಿಂದ ಬೇಕಾದ ದಾರಿ.

ಹಳೆಯ ಮುಂಬಯಿ ಹೆದ್ದಾರಿಯ ಬಗ್ಗೆ ಹೇಳುವುದು ಕಡಿಮೆ. ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ ಲೋಣಾವಳಾಕ್ಕೆ ಹೋಗುವ ಬೈಕುಗಳೆಲ್ಲ ನಿಗಡಿ, ದೇಹೂ ರೋಡ್, ತಳೇಗಾಂವ್, ಕಾಮಶೇತ್ ಮೂಲಕವೇ ಹೋಗಬೇಕು. ಪಿಂಪ್ರಿ-ಚಿಂಚವಾಡ ದಾಟುವವರೆಗೆ ಅದು ಊರೊಳಗಿನ ರಸ್ತೆಯೇ ಆಗಿರುತ್ತದೆ. ದೇಹೂ ರೋಡಿನ ದಂಡು ಪ್ರದೇಶ ಕಳೆದ ಮೇಲೆ ಐವತ್ತರಿಂದ ಅರವತ್ತೈದರ ನಡುವೆ ಆರಾಮವಾಗಿ ಸಾಗಬಹುದು. ವಡಗಾಂವ್, ಕಾಮಶೇತ್, ಕಾರ್ಲಾ ಹೀಗೆ ಊರುಗಳು ಬರುತ್ತಲೇ ಇರುವುದರಿಂದ ವೇಗ ತಾನಾಗಿಯೇ ಇಳಿದು ಏರುತ್ತದೆ, ಗೇರುಗಳು ತಾವಾಗಿಯೇ ಬದಲಾಗುತ್ತವೆ. ರಸ್ತೆ ಅಗಲವಾಗಿದೆ, ಡಾಂಬರು ಚೆನ್ನಾಗಿದೆ, ಏರು ಹೆಚ್ಚಿಲ್ಲ. ದೋಷವೊಂದೇ: ಶನಿವಾರ ಮತ್ತು ಭಾನುವಾರ ಈ ದಾರಿ ಕಾರ್ಲಾದಿಂದ ಲೋಣಾವಳಾವರೆಗೆ ಕಾರುಗಳ ಸಾಲಾಗುತ್ತದೆ, ಚಿಕ್ಕಿ ಅಂಗಡಿಗಳ ಮುಂದೆ ಯಾರು ಯಾವಾಗ ಬ್ರೇಕ್ ಹಾಕುತ್ತಾರೆಂದು ಹೇಳಲಾಗುವುದಿಲ್ಲ. ಉಳಿದ ದಿನಗಳಲ್ಲಿ ಇದು ನಂಬಬಹುದಾದ ದಾರಿ.

ಪುಣೆಯಲ್ಲಿರುವ ಕನ್ನಡಿಗರಿಗೆ ಸಾತಾರಾ ರಸ್ತೆಯ ಸೆಳೆತ ಬೇರೆಯದೇ ಬಗೆಯದು. ಅದು ಊರಿಗೆ ಹೋಗುವ ರಸ್ತೆ. ಕರಾಡ, ಕೊಲ್ಹಾಪುರ, ನಿಪ್ಪಾಣಿ ದಾಟಿದರೆ ಬೆಳಗಾವಿ. ಹೊಸ ಗಾಡಿ ಬಂದ ಕೂಡಲೇ ಮನೆದೇವರಿಗೆ ತೋರಿಸಿಕೊಂಡು ಬರೋಣ ಎಂದು ಹೊರಟುಬಿಡುವವರನ್ನು ನಾನು ಬಲ್ಲೆ. ಬೆಳಗಾವಿ ಇಲ್ಲಿಂದ ಸುಮಾರು 340 ಕಿಲೋಮೀಟರ್. ಒಂದು ಕಡೆಯ ಪ್ರಯಾಣದಲ್ಲಿಯೇ ಮೊದಲ ಸರ್ವಿಸ್‌ಗೆ ಇರುವ ದೂರದ ಮೂರನೇ ಎರಡು ಪಾಲು ಮುಗಿಯುತ್ತದೆ, ಹಿಂದಿರುಗುವಾಗ ಸರ್ವಿಸ್ ಮೀರುತ್ತದೆ. ನಾನು ಅಷ್ಟು ದೂರ ಹೋಗದೆ ಖಂಬಾಟ್ಕಿ ಘಾಟ್ ಹತ್ತಿ ಇಳಿದು, ಮಹಾಬಳೇಶ್ವರದ ರಸ್ತೆ ಕವಲೊಡೆಯುವ ಸುರೂರಿನಿಂದ ಹಿಂದಿರುಗಿದೆ.

ಈ ರಸ್ತೆಯ ತೊಂದರೆ ಅದರ ಒಳ್ಳೆಯತನದಲ್ಲಿಯೇ ಇದೆ. ಖೇಡ್ ಶಿವಾಪುರದ ಟೋಲ್ ದಾಟಿದ ಮೇಲೆ ಶಿರವಳದವರೆಗೆ ಕೈ ಒಂದೇ ಕಡೆ ನಿಂತುಬಿಡುತ್ತದೆ. ಅರವತ್ತಕ್ಕೆ ಹೋದರೆ ಹಿಂದಿನಿಂದ ಬರುವ ಟ್ರಕ್ಕುಗಳು ಹಾರ್ನ್ ಹೊಡೆಯುತ್ತವೆ, ಎಂಬತ್ತಕ್ಕೆ ಹೋಗಲು ಎಂಜಿನ್ ಇನ್ನೂ ಸಿದ್ಧವಿರುವುದಿಲ್ಲ. ಬೇಕೆಂದೇ ವೇಗವನ್ನು ಐವತ್ತಕ್ಕೆ ಇಳಿಸಿ ಮತ್ತೆ ಎಪ್ಪತ್ತಕ್ಕೆ ಏರಿಸುವ ಅಭ್ಯಾಸವನ್ನು ಮಾಡಿಕೊಳ್ಳಬಹುದು, ಮಾಡಿಯೂ ನೋಡಿದೆ. ಆದರೆ ಬಹು ಪಥದ ಹೆದ್ದಾರಿಯಲ್ಲಿ ಕಾರಣವಿಲ್ಲದೆ ನಿಧಾನಿಸುವ ಬೈಕು ಹಿಂದಿನವರಿಗೆ ಒಗಟಾಗುತ್ತದೆ, ಕನ್ನಡಿಯ ಮೇಲಿಟ್ಟ ಕಣ್ಣನ್ನು ತೆಗೆಯಲಾಗುವುದಿಲ್ಲ. ಗಾಳಿಯ ಸದ್ದು ಮತ್ತು ಟ್ರಕ್ಕುಗಳ ಸದ್ದಿನ ನಡುವೆ ಎಂಜಿನ್ನಿನ ದನಿ ಹೆಲ್ಮೆಟ್ಟಿನೊಳಕ್ಕೆ ಬರುವುದೇ ಇಲ್ಲ. ಖಂಬಾಟ್ಕಿ ಮಾತ್ರ ಅಪವಾದ. ನಾನು ಹೋದಾಗ ಪುಣೆಯಿಂದ ಹೋಗುವವರು ಘಾಟ್ ಹತ್ತಬೇಕಿತ್ತು, ಬರುವವರಿಗೆ ಸುರಂಗವಿತ್ತು. ಆ ಏರಿನಲ್ಲಿ ಮೂರನೇ ಗೇರಿನಲ್ಲಿ, ನಲವತ್ತರಿಂದ ಐವತ್ತರ ನಡುವೆ, ಹಿಡಿಯನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸದೆ ಹತ್ತಿದಾಗ ಎಂಜಿನ್ನಿನ ಮೇಲೆ ಬಿದ್ದ ಹೊರೆ ಹದವಾಗಿತ್ತೆಂದು ದನಿಯಿಂದಲೇ ತಿಳಿಯುತ್ತಿತ್ತು. ಇಡೀ ದಾರಿಯಲ್ಲಿ ಎಂಜಿನ್ನಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಕೆಲವೇ ಕಿಲೋಮೀಟರುಗಳು.

ಹಿಂದಿರುಗುವಾಗಿನ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಕಾತ್ರಜದ ಹೊಸ ಸುರಂಗದಿಂದ ಹೊರಬಿದ್ದ ಮೇಲೆ ನವಲೆ ಸೇತುವೆಯವರೆಗೆ ರಸ್ತೆ ಉದ್ದಕ್ಕೆ ಇಳಿಜಾರು. ಡೀಸೆಲ್ ಉಳಿಸಲೆಂದು ಭಾರಿ ಟ್ರಕ್ಕುಗಳು ಅಲ್ಲಿ ನ್ಯೂಟ್ರಲ್‌ನಲ್ಲಿ ಇಳಿಯುತ್ತವೆ, ಬ್ರೇಕ್ ಸೋತು ಮುಂದಿನ ವಾಹನಗಳ ಮೇಲೆ ನುಗ್ಗಿದ ಅಪಘಾತಗಳಿಂದ ಆ ಜಾಗ ಕುಖ್ಯಾತವಾಗಿದೆ. ಧಾಯರಿ, ನರ್‍ಹೆ, ವಡಗಾಂವ್ ಬುದ್ರುಕ್ ಕಡೆಯವರು ಇಳಿದು ತಿರುಗಬೇಕಾದದ್ದೂ ಅಲ್ಲಿಯೇ. ಪ್ಯಾಡ್ ಇನ್ನೂ ಪೂರ್ತಿ ಹೊಂದಿಕೊಳ್ಳದ, ಟೈರಿನ ಹೊಸ ನುಣುಪು ಇನ್ನೂ ಸವೆಯದ ಗಾಡಿಯಲ್ಲಿ, ಗಾಡಿಯ ತೂಕವೇ ಕೈಗೆ ಹೊಸದಾಗಿರುವಾಗ ಆ ಇಳಿಜಾರನ್ನು ಇಳಿಯುವುದು ನನಗೆ ಸರಿಯೆನಿಸಲಿಲ್ಲ. ಬೇರೆ ಯಾವ ಕಾರಣವೂ ಇಲ್ಲದಿದ್ದರೂ ಇದೊಂದಕ್ಕಾಗಿ ಸಾತಾರಾ ರಸ್ತೆಯನ್ನು ಮೊದಲ ಸರ್ವಿಸ್ ಆಗುವವರೆಗೆ ದೂರವಿಡಬೇಕೆಂಬುದು ನನ್ನ ಅಭಿಪ್ರಾಯ.

ಪಾನಶೇತ್ ರಸ್ತೆ ಉಳಿದ ಮೂರಕ್ಕಿಂತ ಎಷ್ಟು ಮೇಲೆಂದರೆ ಅದರ ದೋಷಗಳನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಿರಕಟವಾಡಿಯವರೆಗೆ ದಟ್ಟಣೆಯಿದೆ. ರಜಾದಿನಗಳ ಸಂಜೆ ಖಡಕವಾಸಲಾ ಅಣೆಕಟ್ಟಿನ ಬಳಿ ಸುಟ್ಟ ಮೆಕ್ಕೆಜೋಳ ಮತ್ತು ಬಿಸಿ ಭಜಿಯ ಗಾಡಿಗಳ ಮುಂದೆ ಜನ ನೆರೆದು ರಸ್ತೆಯೇ ಕಾಣುವುದಿಲ್ಲ. ಬಣ್ಣ ಬಳಿಯದ ಹಂಪುಗಳು ಹಲವಿವೆ, ಮುಂಜಾನೆ ಎಮ್ಮೆಗಳು ಅಡ್ಡ ಬರುತ್ತವೆ.

ಅಣೆಕಟ್ಟು ದಾಟಿದ ಮೇಲೆ ರಸ್ತೆಯ ಗುಣವೇ ಬದಲಾಗುತ್ತದೆ. ಡೋಣಜೆಯಲ್ಲಿ ಸಿಂಹಗಡಕ್ಕೆ ಹೋಗುವವರು ಎಡಕ್ಕೆ ತಿರುಗುತ್ತಾರೆ, ಗುಂಪಿನಲ್ಲಿ ಬಹುಪಾಲು ಅಲ್ಲಿಯೇ ಕರಗುತ್ತದೆ. ಮುಂದೆ ಖಾನಾಪುರ ದಾಟಿ ಪಾನಶೇತ್‌ವರೆಗೆ ಬಲಕ್ಕೆ ಹಿನ್ನೀರು, ಎಡಕ್ಕೆ ಗುಡ್ಡ, ನಡುವೆ ಬಳುಕುತ್ತ ಸಾಗುವ ಕಿರಿದಾದ ರಸ್ತೆ. ಇಲ್ಲಿ ಐವತ್ತಕ್ಕಿಂತ ಹೆಚ್ಚು ಹೋಗಬೇಕೆಂದು ಅನಿಸುವುದೇ ಇಲ್ಲ, ಆದ್ದರಿಂದ ಮಿತಿಯನ್ನು ನೆನಪಿಟ್ಟುಕೊಳ್ಳುವ ಕಷ್ಟವಿಲ್ಲ. ತಿರುವಿಗೆ ಮುಂಚೆ ಹಿಡಿ ಬಿಟ್ಟು ನಾಲ್ಕರಿಂದ ಮೂರಕ್ಕೆ ಇಳಿಸಬೇಕು, ತಿರುವು ಮುಗಿದ ಮೇಲೆ ಮೆಲ್ಲಗೆ ಏರಿಸಬೇಕು, ಸಣ್ಣ ದಿಣ್ಣೆ ಬಂದರೆ ಹೊರೆ ಹೆಚ್ಚುತ್ತದೆ, ಅದರಾಚೆ ಇಳಿಜಾರಿನಲ್ಲಿ ಎಂಜಿನ್ ಬಿಡುವು ಪಡೆಯುತ್ತದೆ. ಮೆಕ್ಯಾನಿಕ್ ಹೇಳಿದ ಏರಸುವುದನ್ನೂ ಇಳಸುವುದನ್ನೂ ರಸ್ತೆಯೇ ಮಾಡಿಸಿಕೊಳ್ಳುತ್ತದೆ. ಟೈರಿಗೂ ಇದೇ ಒಳ್ಳೆಯದು: ಹೊಸ ಟೈರಿನ ನಡುಭಾಗ ನೇರ ರಸ್ತೆಯಲ್ಲಿಯೂ ಬೇಗ ಒರಟಾಗುತ್ತದೆ, ಆದರೆ ಅಂಚಿನ ಕಡೆಯ ಹೊಳಪು ಹೋಗಬೇಕಾದರೆ ಗಾಡಿ ಸ್ವಲ್ಪ ಸ್ವಲ್ಪವಾಗಿ ವಾಲಲೇಬೇಕು. ಪಾನಶೇತ್‌ನಿಂದ ಬಂದ ಮೇಲೆ ಹಿಂದಿನ ಟೈರನ್ನು ನೋಡಿದರೆ, ಒರಟಾದ ಭಾಗ ಎರಡೂ ಕಡೆ ಬೆರಳಗಲ ಹರಡಿಕೊಂಡಿತ್ತು. ಲೋಣಾವಳಾದಿಂದ ಬಂದಾಗ ಅದು ನಡುವಿನ ಪಟ್ಟಿಯಾಗಿಯೇ ಉಳಿದಿತ್ತು.

ಕಿವಿಯ ಮಾತನ್ನೂ ಹೇಳಬೇಕು. ಮುಂಜಾನೆ ಆ ರಸ್ತೆಯಲ್ಲಿ ಎಂಜಿನ್ನಿನ ದನಿಯಲ್ಲದೆ ಬೇರೇನೂ ಕೇಳುವುದಿಲ್ಲ. ಮೂರನೇ ಗೇರಿನಲ್ಲಿ ಮೂವತ್ತಕ್ಕಿಂತ ಕೆಳಗೆ ಬಂದರೆ ದನಿ ಒಡೆಯುತ್ತದೆ, ನಾಲ್ಕನೆಯದರಲ್ಲಿ ನಲವತ್ತೈದು ದಾಟಿದರೆ ನಯವಾಗುತ್ತದೆ ಎಂಬಂಥ ಲೆಕ್ಕಗಳು ಅಲ್ಲಿಯೇ ನನಗೆ ದಕ್ಕಿದವು. ಬಿಸಿಯಾದ ಎಂಜಿನ್ ಆರಿಸಿದ ಮೇಲೆ ಸೈಲೆನ್ಸರಿನಿಂದ ಬರುವ ಟಿಕ್ ಟಿಕ್ ಸದ್ದನ್ನು ಕೇಳಿ ಗಾಬರಿಯಾಗುವ ಹೊಸಬರಿದ್ದಾರೆ. ಅದು ಬಿಸಿ ಲೋಹ ಕುಗ್ಗುವ ಸದ್ದು, ದೋಷವಲ್ಲ.

ಇದೇ ದಿಕ್ಕಿನಲ್ಲಿರುವ ಸಿಂಹಗಡದ ಘಾಟ್ ರಸ್ತೆಯನ್ನು ಪಾನಶೇತ್‌ಗೆ ಬದಲಾಗಿ ಎಣಿಸಬಾರದು. ಏರು ಕಡಿದು, ರಸ್ತೆ ಕಿರಿದು. ಮುಂದೆ ಒಂದು ಕಾರು ತಡವರಿಸಿದರೆ ಹಿಂದಿನವರೆಲ್ಲ ಒಂದನೇ ಗೇರಿನಲ್ಲಿ ಅರ್ಧ ಕ್ಲಚ್ ಹಿಡಿದು ಹತ್ತಬೇಕು, ಅಂದರೆ ಸ್ವಾರಗೇಟ್ ಸಿಗ್ನಲ್ಲಿನ ಬಿಸಿಯ ಜೊತೆಗೆ ಏರಿನ ಹೊರೆಯೂ ಸೇರುತ್ತದೆ.

ಹಾಗಾಗಿ ನನ್ನನ್ನು ಕೇಳಿದವರಿಗೆ ನಾನು ಹೇಳುವ ಕ್ರಮ ಇದು: ಮೊದಲು ಊರೊಳಗೆ ಬ್ರೇಕ್ ಮತ್ತು ತೂಕ ಕೈಗೆ ಹತ್ತುವಷ್ಟು, ಆಮೇಲೆ ಸಾಧ್ಯವಾದಷ್ಟೂ ಪಾನಶೇತ್, ಕೊನೆಯ ನೂರು ಚಿಲ್ಲರೆ ಕಿಲೋಮೀಟರಿಗೆ ಲೋಣಾವಳಾ. ಅಷ್ಟಾದ ಮೇಲೆ ಸರ್ವಿಸ್‌ಗೆ ಬಿಟ್ಟಾಗ, ಇಳಿಸಿದ ಎಣ್ಣೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಅದರಲ್ಲಿ ಸಣ್ಣಗೆ ಮಿನುಗುವ ಲೋಹದ ಪುಡಿಯೇ ಮೊದಲ ಸರ್ವಿಸ್ ಅನ್ನು ಇಷ್ಟು ಬೇಗ ಇಟ್ಟಿರುವುದಕ್ಕೆ ಕಾರಣ. ಚೈನಿನ ಬಿಗಿಯನ್ನೂ ಅಲ್ಲಿಯೇ ಪರೀಕ್ಷಿಸಲು ಹೇಳಬೇಕು, ಹೊಸ ಚೈನು ಮೊದಲ ಓಡಾಟದಲ್ಲಿಯೇ ಹೆಚ್ಚು ಸಡಿಲಾಗುತ್ತದೆ. ಬೆಳಗಾವಿ ಆಮೇಲೆ. ಮಳೆಗಾಲದಲ್ಲಿ ಗಾಡಿ ಕೊಂಡವರು ಮಾತ್ರ ಈ ಕ್ರಮವನ್ನು ತಿರುಗಿಸಿಕೊಳ್ಳಬೇಕಾಗುತ್ತದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾನಶೇತ್ ದಾರಿಯ ತಿರುವುಗಳಿಗೆ ಗುಡ್ಡದ ಕೆಂಪು ಕೆಸರು ಹರಿದು ಬರುತ್ತದೆ, ಹೊಸ ಟೈರಿಗೆ ಅದು ತಕ್ಕ ಜಾಗವಲ್ಲ, ಆ ತಿಂಗಳುಗಳಲ್ಲಿ ವಾರದ ನಡುವಿನ ದಿನ ನೋಡಿಕೊಂಡು ಲೋಣಾವಳಾ ಕಡೆಗೇ ಹೊರಡುವುದು ವಾಸಿ.