‘ಎರಡು ಗ್ರಾಫಿಕ್ಸ್’ ಇರುವ ಡೆಸ್ಕ್‌ಟಾಪ್ ಕೊಳ್ಳುವ ಮುಂಚೆ ಇದನ್ನು ಓದಿ

ಕಂಪ್ಯೂಟರ್ ಜೋಡಿಸಿ ಕೊಡುವವರು ‘ಇದರಲ್ಲಿ ಎರಡು ಗ್ರಾಫಿಕ್ಸ್ ಇದೆ, ಎರಡೂ ಸೇರಿ ಓಡುತ್ತವೆ’ ಎಂದರೆ ದುಡ್ಡು ಕೊಡುವ ಮುಂಚೆ ಸ್ವಲ್ಪ ನಿಲ್ಲಿ. ಗ್ರಾಫಿಕ್ಸ್ ಅಂದರೆ ಪರದೆಯ ಚಿತ್ರ ಬಿಡಿಸುವ ಚಿಪ್. ಎರಡು ಅಂದರೆ ಒಂದು ಪ್ರೊಸೆಸರ್ ಒಳಗೆ, ಇನ್ನೊಂದು ಬೇರೆಯಾಗಿ ಸಿಕ್ಕಿಸುವ ಕಾರ್ಡಿನಲ್ಲಿ. ಕುಮಟಾದಲ್ಲಿ ನಾನೂ ನನ್ನ ಗೆಳೆಯನೂ ನಡೆಸುವ ಸಣ್ಣ ವಿಡಿಯೋ ಸ್ಟುಡಿಯೋಗೆ ಇದೇ ಮಾತು ಹೇಳಿ ಒಂದು ಮಷೀನ್ ಮಾರಿದರು. ಮದುವೆ, ಉಪನಯನದ ಸೀಸನ್ ಅರ್ಧ ಅದರ ಹಿಂದೆಯೇ ಹೋಯಿತು. ಅಂಗಡಿ ಘಟ್ಟದ ಮೇಲಿನದು. ಹೆಸರು ಕೇಳಬೇಡಿ, ಬರೆಯುವುದಿಲ್ಲ. ಇದೇ ಮಾತು ಹೇಳುವವರು ಬೇರೆ ಊರಲ್ಲೂ ಇದ್ದಾರೆ.

ನಮಗೆ ಎರಡು ಗ್ರಾಫಿಕ್ಸ್ ಯಾಕೆ ಬೇಕಿತ್ತು ಅನ್ನುವುದನ್ನು ಮೊದಲು ಹೇಳಬೇಕು. ನಾವು ಯಕ್ಷಗಾನವನ್ನು ಜಾಸ್ತಿ ಶೂಟ್ ಮಾಡುತ್ತೇವೆ. ರಂಗದ ಮೇಲೆ ಎಲ್ಲೆಲ್ಲೂ ಕೆಂಪು. ಬಣ್ಣದ ಮಾಹಿತಿಯನ್ನು ಕಡಿಮೆ ಮಾಡಿ ಉಳಿಸುವ ಸಾಮಾನ್ಯ 4:2:0 ವಿಡಿಯೋದಲ್ಲಿ ಆ ಕೆಂಪಿನ ಅಂಚುಗಳು ಕಲಸಿದ ಹಾಗೆ ಕಾಣುತ್ತವೆ. 4:2:2ರಲ್ಲಿ ಬಣ್ಣದ ಮಾಹಿತಿ ಅದರ ಎರಡು ಪಟ್ಟು ಇರುತ್ತದೆ. ಅದಕ್ಕೇ ಹೊಸ ಕ್ಯಾಮೆರಾದಲ್ಲಿ 10 ಬಿಟ್ (ಬಣ್ಣದ ಹೆಚ್ಚು ಛಾಯೆ), 4:2:2, ಎಚ್.265ಗೆ (ವಿಡಿಯೋವನ್ನು ಬಿಗಿಯಾಗಿ ಕುಗ್ಗಿಸಿ ಇಡುವ ವಿಧಾನ) ಹೋದೆವು. ಚಿತ್ರ ಚೆನ್ನಾಗಿ ಬಂತು. ಆದರೆ ಎಡಿಟಿಂಗ್‌ಗೆ ಕುಳಿತರೆ ಟೈಮ್‌ಲೈನ್ ಒಂದು ಹೆಜ್ಜೆ ಮುಂದೆ ಹೋಗಲು ಒದ್ದಾಡುತ್ತಿತ್ತು. ರಾತ್ರಿಯಿಡೀ ನಡೆದ ಆಟದ ಫೈಲು ಬೇರೆ, ಕೇಳಬೇಕಾ?

ಆರ್‌ಟಿಎಕ್ಸ್ 3060ರಂಥ ಗ್ರಾಫಿಕ್ಸ್ ಕಾರ್ಡ್ ಕಂಪ್ಯೂಟರ್ ಗೇಮ್‌ಗೆ, ರೆಂಡರಿಂಗ್‌ಗೆ ಗಟ್ಟಿ. ಆದರೆ ಈ ಬಗೆಯ 4:2:2 ಫೈಲನ್ನು ಬಿಚ್ಚುವ ಸರ್ಕ್ಯೂಟ್ ಅದರಲ್ಲಿಲ್ಲ. ಇಂಟೆಲ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ ಇದೆ, 11ನೇ ತಲೆಮಾರಿನಿಂದ ಈಚೆಗೆ. ಕ್ವಿಕ್ ಸಿಂಕ್ ಅನ್ನುವುದು ಇದನ್ನೇ. ಫೈಲು ಬಿಚ್ಚುವ ಕೆಲಸ ಒಳಗಿನದಕ್ಕೆ, ಬಣ್ಣ ತಿದ್ದುವುದು, ಎಫೆಕ್ಟ್ ಹಾಕುವುದು ಕಾರ್ಡ್‌ಗೆ. ಡೆಸ್ಕ್‌ಟಾಪ್‌ನಲ್ಲಿ ಎರಡನ್ನೂ ಒಟ್ಟಿಗೆ ಓಡಿಸಲು ಇದು ನಿಜವಾದ ಕಾರಣ. ನಮ್ಮ ಬೇಡಿಕೆಯನ್ನು ಅಂಗಡಿಯಲ್ಲಿ ಹೀಗೇ ಬಿಡಿಸಿ ಹೇಳಿದ್ದೆವು.

ಅವರು ತಲೆಯಾಡಿಸಿದರು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದರು. ಅಲ್ಲಿ ಗ್ರಾಫಿಕ್ಸ್ ಮೆಮೊರಿ 19.9 ಜಿಬಿ ಅಂತ ಇತ್ತು. ‘ನೋಡಿ, ಕಾರ್ಡಿನದು 12, ಒಳಗಿನ ಗ್ರಾಫಿಕ್ಸ್‌ದು 8, ಒಟ್ಟು 20.’ ಇದು ಸುಳ್ಳು ಲೆಕ್ಕ. ಕಾರ್ಡಿನ ಸ್ವಂತ ಮೆಮೊರಿ 12 ಜಿಬಿ ಸರಿ. ಉಳಿದ 7.9 ಜಿಬಿ ನಾವೇ ದುಡ್ಡು ಕೊಟ್ಟು ಹಾಕಿಸಿದ 16 ಜಿಬಿ ರ‍್ಯಾಮ್‌ನ ಅರ್ಧ. ಕಾರ್ಡಿನ ಮೆಮೊರಿ ಸಾಲದೆ ಹೋದರೆ ಬಳಸಿಕೊಳ್ಳಲಿ ಎಂದು ವಿಂಡೋಸ್ ಬಿಟ್ಟುಕೊಡುವ ಜಾಗ ಅದು. ಕಾರ್ಡ್ ಒಂದೇ ಇದ್ದರೂ ಆ ಸಂಖ್ಯೆ ಹಾಗೇ ಕಾಣುತ್ತದೆ. ನಮ್ಮ ಮಷೀನಿನಲ್ಲಿ ಆದದ್ದೂ ಅದೇ.

ಎರಡು ಗ್ರಾಫಿಕ್ಸ್ ಕೂಡಿ ವೇಗ ಹೆಚ್ಚುತ್ತದೆ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಎಎಂಡಿ ಕಂಪನಿಯ ಕೆಲವು ಹಳೆಯ ಪ್ರೊಸೆಸರ್‌ಗಳಲ್ಲಿ ಡ್ಯುಯಲ್ ಗ್ರಾಫಿಕ್ಸ್ ಅಂತ ಇತ್ತು. ಒಳಗಿನದು ಮತ್ತು ಒಂದು ಸಣ್ಣ ಕಾರ್ಡ್ ಸೇರಿ ಒಂದೇ ಗೇಮನ್ನು ಓಡಿಸುತ್ತಿದ್ದವು. 2015ರಲ್ಲಿ ಬಂದ, ಗೇಮ್‌ಗಳು ಗ್ರಾಫಿಕ್ಸ್ ಬಳಸಲು ನೆರವಾಗುವ ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ 12 ಬೇರೆ ಬೇರೆ ಕಂಪನಿಯ ಚಿಪ್‌ಗಳನ್ನೂ ಕೂಡಿಸಿ ಬಳಸುವ ದಾರಿ ಕೊಟ್ಟಿತು. ಆ ದಾರಿಯಲ್ಲಿ ನಡೆದ ಗೇಮ್‌ಗಳು ಬೆರಳೆಣಿಕೆ. ಈಗ ಗೇಮ್‌ನ ಮಟ್ಟಿಗೆ ಕೆಲಸ ಮಾಡುವುದು ಒಂದೇ ಚಿಪ್.

ಮಷೀನ್ ಮನೆಗೆ ಬಂತು. ಮದರ್‌ಬೋರ್ಡಿನ ಎಚ್‌ಡಿಎಂಐಗೆ ಎರಡನೇ ಮಾನಿಟರ್ ಹಾಕಿದರೆ ಕತ್ತಲೆ. ಅಂಗಡಿಗೆ ಫೋನ್ ಮಾಡಿದರೆ ‘ಡ್ರೈವರ್ ಹಾಕಿ’ ಎಂದರು. ಆಮೇಲೆ ‘ಬಯೋಸ್ ಅಪ್‌ಡೇಟ್ ಮಾಡಿ’ (ಬಯೋಸ್ ಅಂದರೆ ಮದರ್‌ಬೋರ್ಡಿನೊಳಗೇ ಇರುವ ಮೂಲ ಸಾಫ್ಟ್‌ವೇರ್). ಆಮೇಲೆ ‘ಕೇಬಲ್ ಬದಲಿಸಿ’. ಕೊನೆಗೆ ಗೆಳೆಯ ವಿಂಡೋಸ್ ಸೆಟ್ಟಿಂಗ್ಸ್‌ನ ಅಬೌಟ್ ಪುಟ ತೆರೆದ. ಐ5-12400ಎಫ್ ಅಂತ ಇತ್ತು. ಕೊನೆಯಲ್ಲಿರುವ ಆ ಎಫ್ ಅಕ್ಷರ ಇದೆಯಲ್ಲ, ಅದರ ಅರ್ಥ ಒಳಗೆ ಗ್ರಾಫಿಕ್ಸ್ ಇಲ್ಲ ಎಂದು. 2019ರಲ್ಲಿ 9ನೇ ತಲೆಮಾರಿನ ಜೊತೆ ಈ ಎಫ್ ಚಿಪ್‌ಗಳು ಬಂದವು. ಎಫ್ ಇಲ್ಲದ 12400ರಲ್ಲಿ ಯುಎಚ್‌ಡಿ 730 ಎಂಬ ಒಳಗಿನ ಗ್ರಾಫಿಕ್ಸ್ ಇರುತ್ತದೆ. ಎಫ್ ಸ್ವಲ್ಪ ಅಗ್ಗ. ಆ ವ್ಯತ್ಯಾಸ ಅಂಗಡಿಯ ಜೇಬಿಗೆ ಹೋಯಿತು.

ಮದರ್‌ಬೋರ್ಡಿನಲ್ಲಿ ಎಚ್‌ಡಿಎಂಐ ಇದ್ದೇ ಇರುತ್ತದಲ್ಲ ಎಂದು ಕೇಳಬಹುದು. ಇರುತ್ತದೆ. ಆದರೆ ಅದರ ತಂತಿ ಹೋಗುವುದು ಪ್ರೊಸೆಸರ್‌ಗೆ. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಅದು ಹಿಂದೆ ಕೋಣೆಯೇ ಇಲ್ಲದ ಬಾಗಿಲು. ಯಾವ ಡ್ರೈವರ್ ಹಾಕಿದರೂ ತೆರೆಯುವುದಿಲ್ಲ.

ವಾಪಸ್ ಕೊಡಲು ಹೋದರೆ ‘ಕೂಲರ್ ಕೂರಿಸಲು ಪೇಸ್ಟ್ ಹಚ್ಚಿದ ಪ್ರೊಸೆಸರ್ ತೆಗೆದುಕೊಳ್ಳುವುದಿಲ್ಲ’ ಎಂದರು. ಬಿಲ್ಲಿನಲ್ಲಿ ‘ಐ5 12ನೇ ಜನರೇಷನ್’ ಎಂದಷ್ಟೇ ಬರೆದಿದ್ದರು. ಎಫ್ ಅಂತಲೂ ಇಲ್ಲ, 12400 ಅಂತಲೂ ಇಲ್ಲ. ಜಾಣತನ ನೋಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದಿತ್ತು, ಆದರೆ ಬಿಲ್ಲೇ ಮಾತಾಡದಿದ್ದರೆ ವಾದಕ್ಕೆ ಹಿಡಿತ ಎಲ್ಲಿ? ಸೀಸನ್ ನಡುವೆ ಜಗಳಕ್ಕೆ ಪುರುಸೊತ್ತೂ ಇರಲಿಲ್ಲ. ಎಫ್ ಚಿಪ್ಪನ್ನು ಗೇಮ್ ಆಡುವ ಹುಡುಗನೊಬ್ಬನಿಗೆ ಕಡಿಮೆಗೆ ಮಾರಿ, ಎಫ್ ಇಲ್ಲದ್ದನ್ನು ಬೇರೆ ಕಡೆ ಕೊಂಡೆವು. ಅವನಿಗೆ ಕಾರ್ಡ್ ಇದ್ದ ಕಾರಣ ಅದು ಸರಿಹೋಯಿತು.

ಇಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಇಲ್ಲ. ಹೊಸ ಚಿಪ್ ಹಾಕಿದರೂ ಒಳಗಿನ ಗ್ರಾಫಿಕ್ಸ್ ಕಾಣಲಿಲ್ಲ. ಕಾರ್ಡ್ ಸಿಕ್ಕಿಸಿದ್ದು ಗೊತ್ತಾದ ಕೂಡಲೇ ಎಷ್ಟೋ ಬೋರ್ಡ್‌ಗಳು ಒಳಗಿನದನ್ನು ತಾವೇ ಮುಚ್ಚಿಬಿಡುತ್ತವೆ. ಬಯೋಸ್‌ಗೆ ಹೋಗಿ ‘ಐಜಿಪಿಯು ಮಲ್ಟಿ ಮಾನಿಟರ್’ ಅನ್ನುವುದನ್ನು ಎನೇಬಲ್ ಮಾಡಬೇಕು. ಐಜಿಪಿಯು ಅಂದರೆ ಒಳಗಿನ ಗ್ರಾಫಿಕ್ಸ್. ಹೆಸರು ಬೋರ್ಡಿನಿಂದ ಬೋರ್ಡಿಗೆ ಸ್ವಲ್ಪ ಬದಲಾಗುತ್ತದೆ. ಅಲ್ಲೇ ಹತ್ತಿರ ‘ಪ್ರೈಮರಿ ಡಿಸ್‌ಪ್ಲೇ’ ಅಂತ ಇನ್ನೊಂದು ಇರುತ್ತದೆ. ಅದನ್ನು ಪಿಇಜಿ ಅಥವಾ ಪಿಸಿಐಇ, ಅಂದರೆ ಕಾರ್ಡಿಗೇ ಇಡಿ. ಎರಡೂ ಸರಿಯಾದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು 0, ಜಿಪಿಯು 1 ಎಂದು ಎರಡು ಸಾಲು ಕಾಣುತ್ತವೆ. ಆಗ ಮಾತ್ರ ನಂಬಿ.

ಆಮೇಲೆ ಕೇಬಲ್ ವಿಷಯ. ರಿಪೇರಿಗೆ ಬಂದ ಹುಡುಗ ದೊಡ್ಡ ಮಾನಿಟರ್‌ನ ಕೇಬಲನ್ನು ಬೋರ್ಡಿಗೆ ಹಾಕಿ ಹೋದ. ಕಾರ್ಡ್ ಬಿಡಿಸಿದ ಪ್ರತಿ ಚಿತ್ರವೂ ಅಲ್ಲಿಂದ ರ‍್ಯಾಮ್‌ಗೆ ನಕಲಾಗಿ, ಒಳಗಿನ ಗ್ರಾಫಿಕ್ಸ್ ದಾಟಿ ಪರದೆಗೆ ಬರತೊಡಗಿತು. ಪ್ರೀವ್ಯೂ ತಡವರಿಸತೊಡಗಿತು. ಲ್ಯಾಪ್‌ಟಾಪ್‌ಗಳಲ್ಲಿ ಈ ಸುತ್ತುದಾರಿ ಸಾಮಾನ್ಯ, ಅಲ್ಲಿ ಬ್ಯಾಟರಿ ಉಳಿಸುವುದು ಮುಖ್ಯ. ಡೆಸ್ಕ್‌ಟಾಪ್‌ನಲ್ಲಿ ಅದರ ಅಗತ್ಯವಿಲ್ಲ. ಮುಖ್ಯ ಮಾನಿಟರ್ ಕಾರ್ಡಿಗೇ ಇರಲಿ. ಕ್ವಿಕ್ ಸಿಂಕ್ ಕೆಲಸ ಮಾಡಲು ಬೋರ್ಡಿಗೆ ಮಾನಿಟರ್ ಹಾಕಲೇಬೇಕು ಅಂತಿಲ್ಲ, ಬಯೋಸ್‌ನಲ್ಲಿ ತೆರೆದಿದ್ದರೆ ಸಾಕು.

ನಮ್ಮ ಕಡೆಯವರಿಗೆ ವಿಶೇಷವಾಗಿ ಹೇಳಬೇಕಾದದ್ದು ಮಳೆಗಾಲದ ಕಥೆ. ಸಿಡಿಲಿನ ಭಯಕ್ಕೆ ನಾವೆಲ್ಲ ಪ್ಲಗ್ಗನ್ನೇ ಕಿತ್ತಿಡುತ್ತೇವೆ. ಕಿತ್ತಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ಲಗ್ ಕಿತ್ತ ಮೇಲೆ ಗಡಿಯಾರ, ಸೆಟ್ಟಿಂಗ್ ಉಳಿಸಿಕೊಳ್ಳಲು ಬೋರ್ಡಿಗೆ ಆಧಾರ ಸಿಆರ್2032 ಎಂಬ ಬಿಲ್ಲೆಯಂಥ ಸೆಲ್ ಒಂದೇ. ನಮಗೆ ‘ಹೊಸ ಬೋರ್ಡ್’ ಎಂದು ಕೊಟ್ಟಿದ್ದರಲ್ಲಿ ಆ ಸೆಲ್ ಸತ್ತಿತ್ತು. ಗುಡುಗಿನ ರಾತ್ರಿ ಕಳೆದು ಆನ್ ಮಾಡಿದರೆ ಬಯೋಸ್ ತನ್ನ ಮೂಲ ಸ್ಥಿತಿಗೆ ಹೋಗಿತ್ತು. ಒಳಗಿನ ಗ್ರಾಫಿಕ್ಸ್ ಮಾಯ, ಟೈಮ್‌ಲೈನ್ ಮತ್ತೆ ಕುಂಟು. ನೋಡಲು ಬಂದವನು ‘ಉಪ್ಪುಗಾಳಿಗೆ ಬೋರ್ಡ್ ಹೋಗಿದೆ, ಬದಲಿಸಬೇಕು’ ಎಂದು ದೊಡ್ಡ ಮೊತ್ತ ಹೇಳಿದ. ಕರಾವಳಿಯಲ್ಲಿ ಉಪ್ಪುಗಾಳಿಯ ಹೆಸರಲ್ಲಿ ಏನು ಬೇಕಾದರೂ ಮಾರಬಹುದು! ಗಡಿಯಾರ ಹಳೆಯ ವರ್ಷ ತೋರಿಸುತ್ತಿದ್ದುದನ್ನು ಗೆಳೆಯ ಗಮನಿಸಿದ. ಹತ್ತಾರು ರೂಪಾಯಿಯ ಸೆಲ್ ಹಾಕಿ, ಸೆಟ್ಟಿಂಗ್ ಮತ್ತೆ ಮಾಡಿದೆವು. ಈಗ ಬಯೋಸ್‌ನ ಆ ಪುಟದ ಫೋಟೋ ನಮ್ಮ ಫೋನಿನಲ್ಲಿ ಇದೆ. ನೀವೂ ತೆಗೆದಿಟ್ಟುಕೊಳ್ಳಿ.

ವಿಂಡೋಸ್ ಕಡೆಯಿಂದ ಕಾಟ ಕಡಿಮೆ. ಎಡಿಟಿಂಗ್ ಸಾಫ್ಟ್‌ವೇರ್ ತಪ್ಪು ಚಿಪ್ ಹಿಡಿದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್ ಒಳಗಿನ ಗ್ರಾಫಿಕ್ಸ್ ವಿಭಾಗದಲ್ಲಿ ಅದನ್ನು ‘ಹೈ ಪರ್ಫಾರ್ಮೆನ್ಸ್’ಗೆ ಇಡಿ. 2018ರಿಂದ ವಿಂಡೋಸ್ 10ರಲ್ಲೇ ಈ ಸೌಲಭ್ಯ ಇದೆ.

ಕೊಳ್ಳುವಾಗ ಪ್ರೊಸೆಸರ್‌ನ ಪೂರ್ತಿ ಹೆಸರು, ಕೊನೆಯ ಅಕ್ಷರದ ಸಮೇತ, ಬಿಲ್ಲಿನಲ್ಲಿ ಬರೆಸಿ. ಡಬ್ಬಿ ಕೇಳಿ. ಕೂಲರ್ ಕೂತ ಮೇಲೆ ಚಿಪ್ ಮೇಲಿನ ಅಕ್ಷರ ಕಾಣುವುದಿಲ್ಲ, ಆದರೆ ಬಯೋಸ್‌ನ ಮೊದಲ ಪುಟದಲ್ಲಿ ಕಾಣುತ್ತದೆ. ಅಂಗಡಿಯಲ್ಲೇ ಕಾರ್ಡಿನಿಂದ ಕೇಬಲ್ ತೆಗೆಸಿ ಬೋರ್ಡಿಗೆ ಹಾಕಿಸಿ, ಚಿತ್ರ ಬರುವವರೆಗೆ ದುಡ್ಡು ಕೊಡಬೇಡಿ. ಬಾರದಿದ್ದರೆ ಬಯೋಸ್ ಸೆಟ್ಟಿಂಗ್ ಅವರೇ ಮಾಡಿ ತೋರಿಸಲಿ. ಎಎಂಡಿಯ ರೈಜನ್ ಪ್ರೊಸೆಸರ್ ಕೊಳ್ಳುವವರಿಗೆ ಅಕ್ಷರದ ಲೆಕ್ಕ ಬೇರೆ. 5600, 5600ಎಕ್ಸ್‌ಗಳಲ್ಲಿ ಎಫ್ ಇಲ್ಲದಿದ್ದರೂ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. 7600ರಲ್ಲಿ ಸಣ್ಣದೊಂದು ಇದೆ.

ಇನ್ನು, ನಿಮ್ಮ ಕ್ಯಾಮೆರಾ 4:2:0ರಲ್ಲೇ ಶೂಟ್ ಮಾಡುತ್ತಿದ್ದರೆ ಈ ಯಾವ ತಲೆನೋವೂ ಬೇಡ, ಕಾರ್ಡ್ ಒಂದೇ ಸಾಕು. 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳು 4:2:2 ಫೈಲನ್ನೂ ತಾವೇ ಬಿಚ್ಚುತ್ತವೆ. ಅದನ್ನು ಕೊಳ್ಳುವಷ್ಟು ದುಡ್ಡಿದ್ದರೆ ‘ಎರಡು ಗ್ರಾಫಿಕ್ಸ್’ ಮಾತನ್ನು ಅಂಗಡಿಯವರಿಗೇ ಬಿಟ್ಟುಬಿಡಿ.