ಒಂದೇ ರಿಜಿಸ್ಟರ್, ಮೂರು ಆ್ಯಪ್: ಪವರ್ ಆ್ಯಪ್ಸ್, ಆ್ಯಪ್‌ಶೀಟ್, ಜೋಹೋ ಕ್ರಿಯೇಟರ್

ಲೋ-ಕೋಡ್ ಎಂದರೆ ಕೋಡ್ ಬರೆಯುವುದು ಕಡಿಮೆ, ಎಳೆದು ತಂದು ಕೂರಿಸುವುದು ಜಾಸ್ತಿ. ದೊಡ್ಡ ಕಂಪನಿಯಲ್ಲಿ ಇದರ ಮಾತು ಬಂದರೆ ಮೊದಲು ಸ್ಲೈಡ್ ತಯಾರಾಗುತ್ತದೆ, ಫಿಟರ್‌ನ ಕೇಳುವುದು ಕೊನೆಗೆ. ನಾವು ಉಲ್ಟಾ ಮಾಡಿದೆವು.

ತೋರಣಗಲ್ಲು ಕಡೆಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ನಮ್ಮದು ಮೆಂಟೆನೆನ್ಸ್ ವಿಭಾಗ. ಕನ್ವೇಯರ್, ಅಂದರೆ ಸಾಮಾನು ಸಾಗಿಸುವ ಬೆಲ್ಟ್, ಅದರ ತಪಾಸಣೆಗೆ ಒಂದು ರಿಜಿಸ್ಟರ್ ಇದೆ. ಬೇರಿಂಗ್ ಬಿಸಿಯಾಗಿದೆಯಾ, ರೋಲರ್ ತಿರುಗುತ್ತಿದೆಯಾ, ಬೆಲ್ಟ್ ಪಕ್ಕಕ್ಕೆ ಸರಿದಿದೆಯಾ, ಇಷ್ಟೇ. ಇದನ್ನೇ ಫೋಟೊ ಸಮೇತ ಪವರ್ ಆ್ಯಪ್ಸ್, ಆ್ಯಪ್‌ಶೀಟ್, ಜೋಹೋ ಕ್ರಿಯೇಟರ್ ಎಂಬ ಮೂರು ಲೋ-ಕೋಡ್ ಪ್ಲಾಟ್‌ಫಾರ್ಮ್‌ನಲ್ಲೂ ಆ್ಯಪ್ ಆಗಿ ಕಟ್ಟಿ ಶಿಫ್ಟ್‌ನವರ ಕೈಗೆ ಕೊಟ್ಟೆವು.

ಮೊದಲು ಮೈಕ್ರೋಸಾಫ್ಟ್‌ನ ಪವರ್ ಆ್ಯಪ್ಸ್. ಇದಕ್ಕೆ ಐಟಿಯವರ ಬೆಂಬಲ ಸುಮ್ನೆ ಸಿಕ್ಕಿದ್ದಲ್ಲ. ಮೇಲ್, ಟೀಮ್ಸ್, ಫೈಲು-ಪಟ್ಟಿ ಇಡುವ ಶೇರ್‌ಪಾಯಿಂಟ್ ಎಲ್ಲ ಆಗಲೇ ಮೈಕ್ರೋಸಾಫ್ಟ್‌ನವೇ ಇವೆ, ಲಾಗಿನ್ ಕೂಡ ಅದೇ. ಯಾವ ಡೇಟಾ ಎಲ್ಲಿಗೆ ಹೋಗಬಾರದು ಎಂದು ಐಟಿಯವರು ಒಂದೇ ಕಡೆ ಕೂತು ಬೇಲಿ ಹಾಕಬಹುದು. ಸಾವಿರಾರು ಜನರಿರುವ ಕಂಪನಿಗೆ ಇದು ಸಣ್ಣ ವಿಷಯವಲ್ಲ. ಆದರೆ ಡೀಫಾಲ್ಟ್ ಎನ್ವಿರಾನ್‌ಮೆಂಟ್‌ನಲ್ಲಿ, ಅಂದರೆ ಎಲ್ಲರಿಗೂ ತಾನಾಗಿಯೇ ಸಿಗುವ ಜಾಗದಲ್ಲಿ, ಕಂಪನಿಯ ಯಾರು ಬೇಕಾದರೂ ಆ್ಯಪ್ ಕಟ್ಟಬಹುದು. ಕಟ್ಟಿದವರು ಕೆಲಸ ಬಿಟ್ಟು ಹೋದ ಮೇಲೆ ಅದಕ್ಕೆ ವಾರಸುದಾರರೇ ಇರುವುದಿಲ್ಲ.

ತೊಂದರೆ ಇರುವುದು ಒಳಗೆ. ಹಳೆಯ ರಿಜಿಸ್ಟರ್ ಪೂರ್ತಿ ಶೇರ್‌ಪಾಯಿಂಟ್ ಲಿಸ್ಟ್‌ಗೆ ಹಾಕಿ, ನಡುವಿನ ಒಂದು ಪದ ಕೊಟ್ಟು ಹುಡುಕಿದರೆ ಇರುವ ದಾಖಲೆಯೂ ಬರಲೇ ಇಲ್ಲ. ಎರರ್ ಕೂಡ ಇಲ್ಲ, ಬರೀ ಖಾಲಿ. ಕಾರಣ ಡೆಲಿಗೇಷನ್. ಹುಡುಕುವ ಕೆಲಸವನ್ನು ಸರ್ವರ್‌ಗೆ ಒಪ್ಪಿಸಲು ಆಗದಿದ್ದಾಗ ಆ್ಯಪ್ ಮೊದಲ 500 ಸಾಲು ಮಾತ್ರ ತಂದುಕೊಂಡು ಅದರಲ್ಲೇ ಹುಡುಕುತ್ತದೆ. ಸೆಟ್ಟಿಂಗ್ ಬದಲಿಸಿದರೂ 2000 ದಾಟುವುದಿಲ್ಲ. ಕಟ್ಟುವಾಗ ಹಳದಿ ತ್ರಿಕೋನವೊಂದು ಎಚ್ಚರಿಸುತ್ತದೆ ನಿಜ. ಆದರೆ ಆ್ಯಪ್ ಬಳಸುವವನಿಗೆ ಅದು ಕಾಣುವುದಿಲ್ಲ ಅಲ್ವಾ? 'ಈ ಅಕ್ಷರಗಳಿಂದ ಶುರುವಾಗುವ' ಎಂದು ಹುಡುಕಿದರೆ ಸರ್ವರ್ ಒಪ್ಪುತ್ತದೆ, ಹಾಗಾಗಿ ಪ್ರತಿ ಕನ್ವೇಯರ್ ನಂಬರ್‌ನಿಂದಲೇ ಹುಡುಕುವಂತೆ ಬದಲಿಸಿದೆವು.

ಇನ್ನೊಂದು, ನೆಟ್‌ವರ್ಕ್. ಕನ್ವೇಯರ್ ಗ್ಯಾಲರಿ ಎಂದರೆ ಬೆಲ್ಟ್ ಓಡುವ ಮುಚ್ಚಿದ ದಾರಿ. ಸುತ್ತ ತಗಡು, ಒಳಗೆ ಕೆಂಪು ಧೂಳು, ಸಿಗ್ನಲ್ ಸೊನ್ನೆ. "ತಿರುಗ್ತಾನೇ ಐತಿ ಸಾರ್" ಎಂದು ಫಿಟರ್ ಫೋನ್ ತೋರಿಸಿದ. ಶೇರ್‌ಪಾಯಿಂಟ್ ಇಟ್ಟುಕೊಂಡು ಆಫ್‌ಲೈನ್ ಬೇಕೆಂದರೆ ಫೋನಿನಲ್ಲಿ ಉಳಿಸುವುದು, ಆಮೇಲೆ ಕಳಿಸುವುದು, ಎಲ್ಲಕ್ಕೂ ನಾವೇ ಫಾರ್ಮುಲಾ ಬರೆಯಬೇಕು. ಮೈಕ್ರೋಸಾಫ್ಟ್‌ನದೇ ಡೇಟಾಬೇಸ್ ಆದ ಡೇಟಾವರ್ಸ್‌ನಲ್ಲಿ ಆ ಸೌಲಭ್ಯ ಸಿದ್ಧವಾಗಿಯೇ ಇದೆ. ಆದರೆ ಡೇಟಾವರ್ಸ್ ಎಂದರೆ ಪ್ರೀಮಿಯಂ ಲೈಸೆನ್ಸ್, ಅದೂ ತಲೆಗೊಂದು. ಕಂಪನಿಯ ಲೆಕ್ಕ, ದಾಸ್ತಾನು ನೋಡುವ ಸ್ಯಾಪ್ ತಂತ್ರಾಂಶ ಜೋಡಿಸುವುದಿದ್ದರೂ ಪ್ರೀಮಿಯಂ.

ಗೂಗಲ್ 2020ರಲ್ಲಿ ಕೊಂಡ ಆ್ಯಪ್‌ಶೀಟ್ ಇಲ್ಲಿ ಗೆದ್ದಿತು. ಶೀಟ್ ತೋರಿಸಿದರೆ ಸಾಕು, ಆ್ಯಪ್ ಅದೇ ಎದ್ದು ನಿಲ್ಲುತ್ತದೆ. ಎಕ್ಸೆಲ್ ಗೊತ್ತಿರುವ ಫೋರ್‌ಮನ್ ತಾನೇ ಫಾರ್ಮುಲಾ ತಿದ್ದಿಕೊಂಡ. ಕಾಲಂಗೆ ಒಂದು ಟಿಕ್ ಹಾಕಿದರೆ ಬಾರ್‌ಕೋಡ್ ಸ್ಕ್ಯಾನ್ ಬರುತ್ತದೆ. ಗ್ಯಾಲರಿಯಲ್ಲಿ ತುಂಬಿದ್ದೆಲ್ಲ ಫೋನಿನಲ್ಲೇ ಕೂತಿದ್ದು, ಕ್ಯಾಂಟೀನ್‌ನಲ್ಲಿ ಒಗ್ಗರಣೆ-ಮಿರ್ಚಿ ತಿನ್ನುವ ಹೊತ್ತಿಗೆ ಸಿಂಕ್ ಆಗಿರುತ್ತಿತ್ತು. ಕನ್ನಡದಲ್ಲಿ ಕಾಲಂ ಹೆಸರು ಕೊಟ್ಟರೂ ತಕರಾರಿಲ್ಲ. ಒಂದು ಎಚ್ಚರ ಮಾತ್ರ ಬೇಕು: ಇಬ್ಬರು ಆಫ್‌ಲೈನ್‌ನಲ್ಲಿ ಒಂದೇ ಸಾಲು ತಿದ್ದಿದರೆ ಕೊನೆಗೆ ಸಿಂಕ್ ಆದದ್ದೇ ಉಳಿಯುತ್ತದೆ. ಅದಕ್ಕೇ ಹಳೆಯ ಸಾಲು ಮುಟ್ಟದೆ, ಪ್ರತಿ ತಪಾಸಣೆಗೂ ಹೊಸ ಸಾಲು ಎಂದು ಮಾಡಿಕೊಂಡೆವು. ಸ್ಕ್ರೀನ್‌ಗಳು ಎಲ್ಲ ಒಂದೇ ಅಚ್ಚಿನವು, ಅಂದ ನೋಡುವವರಿಗೆ ಇದು ಬೇಡ. ಐಟಿಯವರ ತಕರಾರು ಬೇರೆ: ಕಂಪನಿಯ ಡೇಟಾ ಇನ್ನೊಂದು ಕ್ಲೌಡ್‌ಗೆ ಯಾಕೆ ಹೋಗಬೇಕು? ಆ ಪ್ರಶ್ನೆ ನ್ಯಾಯವೇ.

ಜೋಹೋ ಕ್ರಿಯೇಟರ್ 2006ರಿಂದ ಇದೆ. ಬಿಲ್ ರೂಪಾಯಿಯಲ್ಲಿ, ಡೇಟಾ ಸೆಂಟರ್ ಭಾರತದಲ್ಲಿ. ಡೆಲ್ಯೂಜ್ ಎಂಬ ಅದರ ಸ್ಕ್ರಿಪ್ಟ್ ಕಲಿಯಬೇಕು, ಕಷ್ಟವೇನಿಲ್ಲ. ನನಗೆ ಹಿಡಿಸಿದ್ದು ಒಂದೇ ಸೌಲಭ್ಯ. ಫಾರ್ಮ್ ಪಬ್ಲಿಷ್ ಮಾಡಿದರೆ ಲಾಗಿನ್ ಇಲ್ಲದೆ ಯಾರು ಬೇಕಾದರೂ ತುಂಬಬಹುದು. ಕುಡತಿನಿ, ಸಂಡೂರು ಕಡೆಯಿಂದ ಬರುವ ಗುತ್ತಿಗೆ ಕೆಲಸಗಾರರಿಗೆ ಕಂಪನಿ ಮೇಲ್ ಐಡಿ ಎಲ್ಲಿದೆ? ಸ್ವಲ್ಪದರಲ್ಲಿ ತಪ್ಪಿದ ಅಪಘಾತ ಮೊದಲು ಕಾಣುವುದು ಅವರಿಗೇ. ಅದನ್ನು ತಿಳಿಸಲು ಒಂದು ಫಾರ್ಮನ್ನೂ ಇದರಲ್ಲೇ ಕಟ್ಟಿದೆವು. ಪವರ್ ಆ್ಯಪ್ಸ್‌ನಲ್ಲಿ ಇಂಥ ಆ್ಯಪ್ ತೆರೆಯಲು ಪ್ರತಿಯೊಬ್ಬರಿಗೂ ಅಕೌಂಟ್ ಬೇಕು. ಇಲ್ಲಿ ಗೋಡೆಗೆ ಕ್ಯೂಆರ್ ಅಂಟಿಸಿದರೆ ಮುಗಿಯಿತು. ಮೊದಮೊದಲು 'ಸಾಂಬಾರಿಗೆ ಉಪ್ಪಿಲ್ಲ' ಎಂಬ ದೂರುಗಳೂ ಬಂದವು, ಇರಲಿ. ಆದರೆ ಬ್ರೌಸರ್‌ನಲ್ಲಿ ತೆರೆಯುವ ಈ ಲಿಂಕ್‌ಗೆ ನೆಟ್ ಬೇಕೇ ಬೇಕು. ಹಾಗಾಗಿ ಕ್ಯೂಆರ್ ಗ್ಯಾಲರಿಯ ಹೊರಗೆ, ನೀರಿನ ಕ್ಯಾನ್ ಇಡುವ ಕಡೆ ಅಂಟಿಸಿದೆವು.

ಮೂರನ್ನೂ ಇಟ್ಟುಕೊಳ್ಳಿ ಎಂದರೆ ಯಾವ ದೊಡ್ಡ ಕಂಪನಿಯೂ ಒಪ್ಪುವುದಿಲ್ಲ. ನಾನಾಗಿದ್ದರೆ ಆಫೀಸಿನ ಅಪ್ರೂವಲ್, ರಜೆ, ಗೇಟ್ ಪಾಸ್ ಎಲ್ಲ ಪವರ್ ಆ್ಯಪ್ಸ್‌ಗೇ ಕೊಡುತ್ತೇನೆ, ಅಲ್ಲಿ ನೆಟ್ಟೂ ಇದೆ, ಲಾಗಿನ್ನೂ ಇದೆ. ಸುರಕ್ಷತೆಯ ದೂರಿನ ಫಾರ್ಮ್ ಲಾಗಿನ್ ಇಲ್ಲದ್ದೇ ಆಗಬೇಕು, ಅದು ಯಾರದಾದರೂ ಸರಿ. ಗ್ಯಾಲರಿಯ ರಿಜಿಸ್ಟರ್ ಸದ್ಯ ಆ್ಯಪ್‌ಶೀಟ್‌ನಲ್ಲಿದೆ. ಡೇಟಾವರ್ಸ್ ಲೈಸೆನ್ಸ್‌ಗೆ ದುಡ್ಡು ಮಂಜೂರಾದರೆ ಅದನ್ನೂ ಪವರ್ ಆ್ಯಪ್ಸ್‌ಗೆ ಕೊಂಡೊಯ್ಯಬಹುದು. ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಐಟಿಯವರಿಗೆ ಹೇಳಿದ್ದೇನೆ.